ಮೊಣಕಾಲು ಕವಚ

ಬೈಕಿನಿಂದ ಬಿದ್ದಾಗ ಮಂಡಿಚಿಪ್ಪಿಗೆ ಬೀಳುವ ಪೆಟ್ಟನ್ನು ಹೀರುವ ಸಾಧನ. ರೂಢಿಯಲ್ಲಿ ನೀ ಗಾರ್ಡ್. ಪ್ಯಾಂಟಿನ ಮೇಲೆ ಪಟ್ಟಿಗಳಿಂದ ಬಿಗಿಯುವುದು ಒಂದು ಬಗೆ, ರೈಡಿಂಗ್ ಪ್ಯಾಂಟಿನ ಒಳಜೇಬಿಗೆ ತೂರಿಸುವ ಮೆತ್ತೆ ಇನ್ನೊಂದು. ಗುಣಮಟ್ಟ ಅಳೆಯಲು ಹೆಚ್ಚಾಗಿ ಬಳಸುವುದು ಯುರೋಪಿನ ಇಎನ್ 1621-1 ಮಾನದಂಡ: 50 ಜೂಲ್ ಹೊಡೆತಕ್ಕೆ ಒಳಗೆ ದಾಟುವ ಸರಾಸರಿ ಬಲ ಲೆವೆಲ್ 1ರಲ್ಲಿ 35 ಕಿಲೋನ್ಯೂಟನ್, ಲೆವೆಲ್ 2ರಲ್ಲಿ 20 ಕಿಲೋನ್ಯೂಟನ್ ಮೀರಬಾರದು. ನಮ್ಮ ಕಾನೂನು ತಲೆಗೆ ಹೆಲ್ಮೆಟ್ ಕೇಳುತ್ತದೆ, ಮಂಡಿಯನ್ನು ಸವಾರನಿಗೇ ಬಿಟ್ಟಿದೆ.

ಕುಮಟಾ ತಾಲೂಕಿನ ಸಂತೆಗುಳಿಯಂಥ ಊರುಗಳ ಸೆಕೆಯಲ್ಲಿ ಗಟ್ಟಿ ಪ್ಲಾಸ್ಟಿಕ್ಕಿನ ಅಗ್ಗದ ಕವಚ ಬೆವರಿಗೆ ಜಾರಿ ಮೀನಖಂಡ ಸೇರುತ್ತದೆ. ಆಮೇಲೆ ಅದು ಇದ್ದೂ ಇಲ್ಲದಂತೆ. ಮೆದುವಾಗಿದ್ದು ಪೆಟ್ಟು ಬಿದ್ದ ಕ್ಷಣ ಬಿಗಿಯುವ ಫೋಮ್ ಮೆತ್ತೆ, ಗಾಳಿಯಾಡುವ ಜಾಳಿಗೆ ಬಟ್ಟೆ ಇಲ್ಲಿಗೆ ಒಗ್ಗುತ್ತವೆ. ಆದರೆ ಜಾಳಿಗೆ ಬಟ್ಟೆ ಡಾಂಬರಿನ ಮೇಲೆ ಉಜ್ಜಿದರೆ ಬೇಗ ಹರಿಯುತ್ತದೆ.

ಅಂಗಡಿಯಲ್ಲಿ ನಿಂತು ಅಳೆದರೆ ಸಾಲದು. ಬೈಕಿನ ಮೇಲೆ ಕೂತು, ಮಂಡಿ ಮಡಚಿ, ಗೇರ್ ಒತ್ತಿ ನೋಡಬೇಕು: ಮೆತ್ತೆ ಚಿಪ್ಪಿನ ಮೇಲೆಯೇ ಇರಬೇಕು, ಮಂಡಿಯ ಹಿಂದೆ ಪಟ್ಟಿ ಕಚ್ಚಬಾರದು. ಮಳೆಗಾಲದಲ್ಲಿ ಒದ್ದೆ ಮೆತ್ತೆಯನ್ನು ಹೊರತೆಗೆದು ನೆರಳಲ್ಲಿ ಒಣಗಿಸದಿದ್ದರೆ ವಾರದೊಳಗೆ ಬೂಷ್ಟು ಹಿಡಿಯುತ್ತದೆ.