ತುಂಗಭದ್ರೆಯ ನೀರುನಾಯಿ: 34 ಕಿಲೋಮೀಟರಿನ ಆಸರೆ

ನೀರುನಾಯಿ ಎಂದೊಡನೆ ಅಲೆಗಳ ಮೇಲೆ ಅಂಗಾತ ಮಲಗಿ, ಎದೆಯ ಮೇಲಿಟ್ಟ ಕಲ್ಲಿಗೆ ಚಿಪ್ಪನ್ನು ಕುಟ್ಟಿ ಒಡೆದು ತಿನ್ನುವ ಪ್ರಾಣಿಯ ಚಿತ್ರ ಟಿ.ವಿ. ವೀಕ್ಷಕರ ಕಣ್ಮುಂದೆ ಸುಳಿಯುತ್ತದೆ. ಅದು ಉತ್ತರ ಪೆಸಿಫಿಕ್ ಸಾಗರದ ಕಡಲ ನೀರುನಾಯಿ. ಭಾರತದ ಕರಾವಳಿಯಲ್ಲಿ ಅದು ಇಲ್ಲ. ಆದರೆ ಅದರ ಬಂಧುಗಳು ಕರ್ನಾಟಕದ ನದಿಗಳಲ್ಲಿಯೇ ಇವೆ. ಅವುಗಳಲ್ಲಿ ಒಂದಕ್ಕಾಗಿ ರಾಜ್ಯ ಸರ್ಕಾರ 2015ರಲ್ಲಿ ತುಂಗಭದ್ರಾ ನದಿಯ ಒಂದು ಭಾಗವನ್ನೇ ಮೀಸಲಿಟ್ಟಿತು.

ಗದಗ ಜಿಲ್ಲೆಯ ಗಜೇಂದ್ರಗಡ ತಾಲ್ಲೂಕಿನ ಸೂಡಿ, ಕಲ್ಯಾಣದ ಚಾಲುಕ್ಯರ ಕಾಲದ ಪ್ರಮುಖ ಪಟ್ಟಣ. ಊರಿನ ಬದಿಯಲ್ಲಿ ನದಿಯಿಲ್ಲ. ಜೋಡು ಕಳಸದ ಗುಡಿಯೊಡನೆ ಮೆಟ್ಟಿಲುಗಳ ನಾಗಕುಂಡವೇ ಇಲ್ಲಿನ ಹೆಗ್ಗುರುತು. ಹನಿ ನೀರನ್ನೂ ಕಲ್ಲು ಕಟ್ಟಿ ಕಾಪಾಡಿಕೊಂಡ ಈ ಬಯಲುಸೀಮೆಯ ಜಿಲ್ಲೆಗೆ ಉತ್ತರದಲ್ಲಿ ಮಲಪ್ರಭೆ, ದಕ್ಷಿಣದ ಅಂಚಿನಲ್ಲಿ ತುಂಗಭದ್ರೆ ಆಧಾರ. ಗದಗ ನಗರ ಕುಡಿಯುವುದೂ ತುಂಗಭದ್ರೆಯ ನೀರನ್ನೇ. ಅದೇ ನದಿ ಜಿಲ್ಲೆಯ ಗಡಿ ದಾಟಿ, ಹೊಸಪೇಟೆಯ ಅಣೆಕಟ್ಟೆಯನ್ನು ಹಾದು ಹಂಪಿಯತ್ತ ಹರಿಯುವಲ್ಲಿ ನೀರುನಾಯಿಗಳ ನೆಲೆಯಿದೆ.

ಮೂರು ಜಾತಿಗಳು

ಭಾರತದಲ್ಲಿ ಮೂರು ಜಾತಿಯ ನೀರುನಾಯಿಗಳಿವೆ. ನುಣುಪು ತುಪ್ಪಳದ ನೀರುನಾಯಿ ದೊಡ್ಡ ನದಿ, ಜಲಾಶಯಗಳಲ್ಲಿ ವಾಸಿಸುತ್ತದೆ. ಕಿರು ಉಗುರಿನ ನೀರುನಾಯಿ ಪಶ್ಚಿಮ ಘಟ್ಟದ ಹಳ್ಳತೊರೆಗಳನ್ನು ಆಶ್ರಯಿಸಿದೆ. ಮೂರನೆಯದು ಯುರೇಷಿಯಾದ ನೀರುನಾಯಿ. ತುಂಗಭದ್ರೆ, ಭದ್ರಾ ಜಲಾಶಯ ಹಾಗೂ ಕಾವೇರಿಯ ರಂಗನತಿಟ್ಟಿನಲ್ಲಿ ಕಾಣಸಿಗುವುದು ಮೊದಲನೆಯ ಜಾತಿ. ಇದು ಸಿಹಿನೀರಿಗೆ ಮಾತ್ರ ಸೀಮಿತವಲ್ಲ. ನದಿ ಕಡಲು ಸೇರುವೆಡೆಯ ಕಾಂಡ್ಲಾ ಕಾಡುಗಳಲ್ಲಿಯೂ ಬಾಳಬಲ್ಲದು.

ಬೆಳೆದ ನುಣುಪು ತುಪ್ಪಳದ ನೀರುನಾಯಿ 7ರಿಂದ 11 ಕಿಲೋಗ್ರಾಂ ತೂಗುತ್ತದೆ. ಚಪ್ಪಟೆಯಾದ ಬಾಲ ಹುಟ್ಟಿನಂತೆ ನೀರನ್ನು ಸೀಳುತ್ತದೆ. ಬೆರಳುಗಳ ನಡುವೆ ಜಾಲಪೊರೆಯಿದೆ. ಮೀನು ಇದರ ಮುಖ್ಯ ಆಹಾರ. ಸಂಸಾರ ಸಮೇತ ಗುಂಪಾಗಿ ಬೇಟೆಯಾಡುವುದು, ಸಿಳ್ಳೆಯಂಥ ದನಿಯಿಂದ ಪರಸ್ಪರ ಕರೆಯುವುದು ಇದರ ಸ್ವಭಾವ. ಸುಮಾರು ಎರಡು ತಿಂಗಳ ಗರ್ಭಧಾರಣೆಯ ನಂತರ ದಡದ ಬಿಲದಲ್ಲಿ ಇಲ್ಲವೆ ಬಂಡೆಗಳ ಸಂದಿಯಲ್ಲಿ ತಾಯಿ ಮರಿ ಹಾಕುತ್ತದೆ. ಹೀಗಾಗಿ ಈ ಪ್ರಾಣಿಗೆ ನೀರಿನಷ್ಟೇ ದಡವೂ ಮುಖ್ಯ. ಮೈ ಒಣಗಿಸಿಕೊಳ್ಳಲು ಮರಳು, ಅಡಗಲು ಜೊಂಡು, ಮರಿಗಳಿಗೆ ಬಂಡೆ ಬೇಕು. ಹಂಪಿಯ ಸುತ್ತಲಿನ ನದಿಪಾತ್ರದಲ್ಲಿ ಈ ಮೂರೂ ಒಂದೆಡೆ ದೊರೆಯುತ್ತವೆ.

ಮೀಸಲು ಪ್ರದೇಶ

ಕೊಪ್ಪಳ ಜಿಲ್ಲೆಯ ಮುದ್ಲಾಪುರದಿಂದ ಕಂಪ್ಲಿಯ ಸೇತುವೆಯವರೆಗೆ ಸುಮಾರು 34 ಕಿಲೋಮೀಟರ್ ಉದ್ದದ ನದಿಪಾತ್ರವನ್ನು 2015ರಲ್ಲಿ ತುಂಗಭದ್ರಾ ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ನೀರುನಾಯಿಗಾಗಿಯೇ ಮೀಸಲಾದ ದೇಶದ ಮೊದಲ ಪ್ರದೇಶವೆಂದು ಇದು ಹೆಸರಾಗಿದೆ. ಘೋಷಣೆಯ ವೇಳೆ ಇದು ಕೊಪ್ಪಳ ಮತ್ತು ಬಳ್ಳಾರಿ ಜಿಲ್ಲೆಗಳಿಗೆ ಸೇರಿತ್ತು. 2021ರಲ್ಲಿ ಬಳ್ಳಾರಿ ವಿಭಜನೆಗೊಂಡ ನಂತರ ವಿಜಯನಗರ ಜಿಲ್ಲೆಯೂ ಇದರ ಪಾಲುದಾರನಾಗಿದೆ.

ಅಭಯಾರಣ್ಯಕ್ಕೂ ಸಂರಕ್ಷಣಾ ಮೀಸಲು ಪ್ರದೇಶಕ್ಕೂ ವ್ಯತ್ಯಾಸವಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2002ರಲ್ಲಿ ಮಾಡಿದ ತಿದ್ದುಪಡಿಯ ಮೂಲಕ ಈ ವರ್ಗ ಜಾರಿಗೆ ಬಂತು. ಸರ್ಕಾರಿ ಒಡೆತನದ ಪ್ರದೇಶವನ್ನು ಸ್ಥಳೀಯರೊಡನೆ ಸಮಾಲೋಚಿಸಿ ಹೀಗೆ ಘೋಷಿಸಬಹುದು. ಜನರನ್ನು ಒಕ್ಕಲೆಬ್ಬಿಸುವ ಪ್ರಶ್ನೆ ಇಲ್ಲಿಲ್ಲ. ಆದರೆ ಬೇಟೆಯಾಡುವುದು, ಬೆಂಕಿ ಹಚ್ಚುವುದು, ಸ್ಫೋಟಕ ಹಾಗೂ ವಿಷಕಾರಿ ರಾಸಾಯನಿಕಗಳನ್ನು ಬಳಸುವುದು ನಿಷಿದ್ಧ.

ಅಪಾಯಗಳು

ಸಿಡಿಮದ್ದು ಎಸೆದು ಮೀನು ಹಿಡಿಯುವ ಪದ್ಧತಿ ಎಲ್ಲಕ್ಕಿಂತ ಕ್ರೂರವಾದುದು. ಒಂದು ಸ್ಫೋಟಕ್ಕೆ ದೊಡ್ಡ ಮೀನಿನೊಡನೆ ಮರಿಮೀನುಗಳೂ ಸಾಯುತ್ತವೆ. ನೀರುನಾಯಿಗೂ, ನ್ಯಾಯವಾಗಿ ಬಲೆ ಬೀಸುವ ಮೀನುಗಾರನಿಗೂ ನಾಳಿನ ಊಟ ಇಲ್ಲವಾಗುತ್ತದೆ. ಮರಳು ಗಣಿಗಾರಿಕೆ ದಡವನ್ನೂ ಬಿಲಗಳನ್ನೂ ಕಿತ್ತೊಯ್ಯುತ್ತದೆ. ಜೊಂಡಿಗೆ ಹಚ್ಚಿದ ಬೆಂಕಿ ಮರೆಯನ್ನು ಸುಡುತ್ತದೆ. ಹೊಲಗಳ ಕೀಟನಾಶಕ ಹಾಗೂ ಪಟ್ಟಣಗಳ ಕೊಳಚೆ ಮೀನಿನ ಮೂಲಕ ನೀರುನಾಯಿಯ ಹೊಟ್ಟೆ ಸೇರುತ್ತವೆ.

ತುಪ್ಪಳಕ್ಕಾಗಿ ನಡೆಯುವ ಕಳ್ಳಬೇಟೆ ಮತ್ತೊಂದು ಆತಂಕ. ಏಷ್ಯಾದ ಕೆಲವೆಡೆ ನೀರುನಾಯಿ ಮರಿಗಳನ್ನು ಮುದ್ದುಪ್ರಾಣಿಯಾಗಿ ಮಾರುವ ಚಾಳಿಯೂ ಹಬ್ಬಿತು. ಈ ಕಾರಣದಿಂದ ನುಣುಪು ತುಪ್ಪಳದ ಮತ್ತು ಕಿರು ಉಗುರಿನ ನೀರುನಾಯಿಗಳ ಅಂತರರಾಷ್ಟ್ರೀಯ ವಾಣಿಜ್ಯ ವ್ಯಾಪಾರವನ್ನು ಸೈಟಿಸ್ ಒಪ್ಪಂದದ ರಾಷ್ಟ್ರಗಳು 2019ರಲ್ಲಿ ನಿಷೇಧಿಸಿದವು.

ಕಡಲು ಕಲಿಸಿದ ಪಾಠ

ಕಾನೂನು ಬಿಗಿಯಾದರೆ ಫಲ ದೊರೆಯುವುದೇ? ಕಡಲ ನೀರುನಾಯಿಯ ಇತಿಹಾಸದಲ್ಲಿ ಇದಕ್ಕೆ ಉತ್ತರವಿದೆ. ಮೈಯಲ್ಲಿ ಕೊಬ್ಬಿನ ದಪ್ಪ ಪದರವಿಲ್ಲದ ಈ ಪ್ರಾಣಿಯನ್ನು ಚಳಿಯಿಂದ ಕಾಯುವುದು ದಟ್ಟವಾದ ತುಪ್ಪಳವೇ. ಅದೇ ಅದಕ್ಕೆ ಮುಳುವಾಯಿತು. 18ನೆಯ ಶತಮಾನದಿಂದ ನಡೆದ ತುಪ್ಪಳದ ಬೇಟೆಯಲ್ಲಿ ಲಕ್ಷಗಟ್ಟಲೆ ಪ್ರಾಣಿಗಳು ಬಲಿಯಾಗಿ, 20ನೆಯ ಶತಮಾನದ ಆರಂಭದ ಹೊತ್ತಿಗೆ ಒಂದೆರಡು ಸಾವಿರ ಮಾತ್ರ ಉಳಿದಿದ್ದವು. 1911ರಲ್ಲಿ ಅಮೆರಿಕ, ರಷ್ಯಾ, ಜಪಾನ್ ಮತ್ತು ಬ್ರಿಟನ್ ಸಹಿ ಹಾಕಿದ ಒಪ್ಪಂದ ಅವುಗಳಿಗೆ ಜೀವದಾನ ನೀಡಿತು. ಸಂಖ್ಯೆ ಚೇತರಿಸಿದೆಡೆಯಲ್ಲಿ ಅವು ಸೀ ಅರ್ಚಿನ್ ಎಂಬ ಮುಳ್ಳುಜೀವಿಗಳನ್ನು ತಿಂದು, ಅವುಗಳಿಂದ ನಾಶವಾಗುತ್ತಿದ್ದ ಕೆಲ್ಪ್ ಎಂಬ ಕಡಲ ಪಾಚಿಯ ಕಾಡುಗಳನ್ನೂ ಉಳಿಸಿದವು.

ಬೇಟೆ ನಿಂತ ಮಾತ್ರಕ್ಕೆ ಕಥೆ ಮುಗಿಯಲಿಲ್ಲ. 1989ರಲ್ಲಿ ಅಲಾಸ್ಕಾದ ಬಳಿ ಎಕ್ಸಾನ್ ವಾಲ್ಡೆಜ್ ಹಡಗಿನಿಂದ ಸೋರಿದ ತೈಲ ತುಪ್ಪಳಕ್ಕೆ ಮೆತ್ತಿ ಸಾವಿರಕ್ಕೂ ಹೆಚ್ಚು ನೀರುನಾಯಿಗಳು ಸತ್ತವು. ಪ್ರಾಣಿಯನ್ನು ಕಾಯ್ದು ಅದು ಬಾಳುವ ನೀರನ್ನು ಕಾಯದಿದ್ದರೆ ಪ್ರಯೋಜನವಿಲ್ಲವೆಂಬುದು ಆಗ ಜಗತ್ತಿಗೆ ಮನವರಿಕೆಯಾಯಿತು.

ನೀರಿನ ಕೀಲಿ ಯಾರ ಕೈಯಲ್ಲಿ?

ತುಂಗಭದ್ರೆಯ ತೊಡಕು ಇರುವುದೂ ಇಲ್ಲಿಯೇ. ಮೀಸಲು ಪ್ರದೇಶವು ಅಣೆಕಟ್ಟೆಯ ಕೆಳಗಿದೆ. ಅಲ್ಲಿ ನದಿ ತುಂಬುವುದೂ ಬತ್ತುವುದೂ ಮಳೆಯಷ್ಟೇ ಜಲಾಶಯದ ಗೇಟುಗಳನ್ನು ಅವಲಂಬಿಸಿದೆ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟೆಯ 19ನೆಯ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ ನದಿಗೆ ಏಕಾಏಕಿ ಅಪಾರ ನೀರು ನುಗ್ಗಿತು. ಬೇಸಿಗೆಯಲ್ಲಿ ಇದೇ ಪಾತ್ರ ಅಲ್ಲಲ್ಲಿ ಮಡುಗಳಾಗಿ ಒಡೆಯುತ್ತದೆ. ಆಗ ಮೀನು, ಮೀನುಗಾರ, ಪಂಪ್‌ಸೆಟ್ಟು, ನೀರುನಾಯಿ ಎಲ್ಲಕ್ಕೂ ಅದೇ ಮಡು ಗತಿ.

ಕಾಯ್ದೆಯಂತೆ ಇಂಥ ಪ್ರದೇಶದ ನಿರ್ವಹಣಾ ಸಮಿತಿಯಲ್ಲಿ ಅರಣ್ಯ ಇಲಾಖೆ, ಸಂಬಂಧಪಟ್ಟ ಗ್ರಾಮ ಪಂಚಾಯಿತಿಗಳು, ಮೂವರು ಸ್ವಯಂಸೇವಾ ಸಂಸ್ಥೆಗಳ ಪ್ರತಿನಿಧಿಗಳು, ಕೃಷಿ ಹಾಗೂ ಪಶುಸಂಗೋಪನಾ ಇಲಾಖೆಗಳು ಇರಬೇಕು. ಕಾಡನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪಿಸಿದ ಈ ಪಟ್ಟಿಯಲ್ಲಿ ಮೀನುಗಾರಿಕೆ ಇಲಾಖೆಯೂ ಇಲ್ಲ, ನೀರಾವರಿ ಇಲಾಖೆಯೂ ಇಲ್ಲ. ನದಿಯನ್ನೇ ಮೀಸಲಿಟ್ಟ ಮೇಲೆ ಈ ಎರಡು ಇಲಾಖೆಗಳನ್ನೂ, ಬಲೆ ಹರಿದುಕೊಂಡು ನಷ್ಟ ಅನುಭವಿಸುವ ಮೀನುಗಾರರನ್ನೂ ಹೊರಗಿಟ್ಟು ಮಾಡುವ ಸಂರಕ್ಷಣೆ ಕಾಗದದಲ್ಲಿಯೇ ಉಳಿಯುತ್ತದೆ. ನೀರುನಾಯಿ ಮೀನುಗಾರನ ಹುಟ್ಟುವೈರಿಯೇನಲ್ಲ. ಬಾಂಗ್ಲಾದೇಶದ ನರೈಲ್ ಪ್ರದೇಶದಲ್ಲಿ ಪಳಗಿಸಿದ ನೀರುನಾಯಿಗಳಿಂದಲೇ ಮೀನನ್ನು ಬಲೆಗೆ ಅಟ್ಟುವ ಸಂಪ್ರದಾಯವಿದೆ.

ನಗರವಾಸಿಗಳ ಪಾತ್ರವೂ ಚಿಕ್ಕದಲ್ಲ. ಮನೆ ಕಟ್ಟಲು ತರಿಸುವ ಮರಳು ಎಲ್ಲಿಂದ ಬಂತೆಂದು ವಿಚಾರಿಸುವುದು, ತುಪ್ಪಳದ ವಸ್ತುಗಳನ್ನು ಕೊಳ್ಳದಿರುವುದು, ಹಂಪಿಯ ಹೊಳೆದಂಡೆಯಲ್ಲಿ ಪ್ಲಾಸ್ಟಿಕ್ ಎಸೆಯದಿರುವುದು, ಸಿಡಿಮದ್ದಿನ ಸದ್ದು ಕೇಳಿದರೆ ಅರಣ್ಯ ಇಲಾಖೆಗೆ ತಿಳಿಸುವುದು ಯಾರಿಂದಲೂ ಸಾಧ್ಯ. ಪ್ರತಿವರ್ಷ ಮೇ ತಿಂಗಳ ಕೊನೆಯ ಬುಧವಾರವನ್ನು ವಿಶ್ವ ನೀರುನಾಯಿ ದಿನವೆಂದು ಆಚರಿಸಲಾಗುತ್ತದೆ. ತುಂಗಭದ್ರೆ ತೀರಾ ಸೊರಗಿರುವ ಕಾಲವೂ ಅದೇ. ಆ ದಿನಗಳಲ್ಲಿ ಹೊಳೆಗೆ ಎಷ್ಟು ನೀರು ಬಿಡಲಾಯಿತೆಂಬುದು ಈ 34 ಕಿಲೋಮೀಟರಿನ ಆಸರೆ ಎಷ್ಟು ಗಟ್ಟಿಯೆಂಬುದಕ್ಕೆ ಅಳತೆಗೋಲು.