ಫೆಸ್: ಕಾರು ಹೋಗದ ಊರು ಉಳಿದದ್ದು ಹೇಗೆ?

ಮೊರಾಕ್ಕೊ ದೇಶದ ಫೆಸ್ ನಗರದ ಹಳೇ ಪೇಟೆಯೊಳಗೆ ಕಾರು ಹೋಗುವುದಿಲ್ಲ. ಓಣಿಗಳು ಅಷ್ಟು ಇಕ್ಕಟ್ಟು. ಗ್ಯಾಸ್ ಸಿಲಿಂಡರ್, ಸಿಮೆಂಟ್, ಹಸಿ ತೊಗಲು ಎಲ್ಲವೂ ಸಾಗುವುದು ಕತ್ತೆ, ಹೇಸರಗತ್ತೆಗಳ ಬೆನ್ನ ಮೇಲೆ ಇಲ್ಲವೇ ಕೈಗಾಡಿಯಲ್ಲಿ. ಹಿಂದಿನಿಂದ "ಬಲಕ್! ಬಲಕ್!" ಎಂದು ಕೂಗು ಬಂದರೆ ಗೋಡೆಗೆ ಒತ್ತಿಕೊಂಡು ದಾರಿ ಬಿಡಬೇಕು.

ಬೆನ್ನಿಗೆ ಚೀಲ ಹಾಕಿಕೊಂಡು ಬರುವ ಪ್ರವಾಸಿಗರ ದಿನ ಸಾಮಾನ್ಯವಾಗಿ ಬಾಬ್ ಬೂ ಜಲೂದ್ ಎಂಬ ಹೆಬ್ಬಾಗಿಲಿನಲ್ಲಿ ಶುರುವಾಗುತ್ತದೆ. ಹೊರಗಡೆ ನೀಲಿ ಚಿತ್ತಾರ, ಒಳಗಡೆ ಹಸಿರು. ನೋಡಿದರೆ ಸಾವಿರ ವರ್ಷದ್ದು ಅನಿಸುತ್ತದೆ. ಆದರೆ ಅದು ಎದ್ದದ್ದು 1913ರಲ್ಲಿ, ಫ್ರೆಂಚರ ಕಾಲದಲ್ಲಿ.

ಊರು ಮಾತ್ರ ನಿಜಕ್ಕೂ ಹಳೆಯದು. 789ರಲ್ಲಿ ಒಂದನೇ ಇದ್ರಿಸ್ ನದಿಯ ಒಂದು ದಡದಲ್ಲಿ ಊರು ಕಟ್ಟಿದ. ಮಗ ಎರಡನೇ ಇದ್ರಿಸ್ ಇನ್ನೊಂದು ದಡದಲ್ಲಿ ಕಟ್ಟಿದ. 818ರಲ್ಲಿ ಸ್ಪೇನಿನ ಕೊರ್ದೋಬಾದಲ್ಲಿ ದಂಗೆಯೆದ್ದು ಹೊರದಬ್ಬಿಸಿಕೊಂಡ ಕುಟುಂಬಗಳಿಗೆ ಇಲ್ಲಿ ನೆಲೆ ಸಿಕ್ಕಿತು. ಟ್ಯುನೀಷಿಯದ ಕೈರವಾನ್‌ನಿಂದಲೂ ಜನ ಬಂದರು. ಹಾಗೆ ಬಂದ ವ್ಯಾಪಾರಿಯೊಬ್ಬನ ಮಗಳು ಫಾತಿಮಾ ಅಲ್ ಫಿಹ್ರಿ, ತನ್ನ ಪಾಲಿನ ಆಸ್ತಿಯಿಂದ 859ರಲ್ಲಿ ಕರವೀಯಿನ್ ಮಸೀದಿ ಕಟ್ಟಿಸಿದಳು ಎಂದು ಪರಂಪರೆ ಹೇಳುತ್ತದೆ. ಅದೇ ಮುಂದೆ ದೊಡ್ಡ ವಿದ್ಯಾಪೀಠವಾಯಿತು.

ಬಾಗಿಲಿನಿಂದ ತಲಾ ಕಬೀರಾ ಎಂಬ ಇಳಿಜಾರು ಬೀದಿ ಹಿಡಿದರೆ ಈ ಮಸೀದಿಯ ಕಡೆಗೇ ಬರುತ್ತೀರಿ. ಅಲ್ಲಿಂದ ಸ್ವಲ್ಪ ದೂರದಲ್ಲಿ ಶೌವಾರಾ ಎಂಬ ತೊಗಲು ಹದ ಮಾಡುವ ಜಾಗ. ಕೂದಲು ಬಿಡಿಸಲು ಸುಣ್ಣದ ನೀರು, ತೊಗಲು ಮೆತ್ತಗಾಗಲು ಪಾರಿವಾಳದ ಹಿಕ್ಕೆ, ಆಮೇಲೆ ಬಣ್ಣದ ತೊಟ್ಟಿಗಳು. ಕೆಲಸಗಾರರು ತೊಟ್ಟಿಗಿಳಿದು ಕಾಲಿನಿಂದ ತುಳಿಯುತ್ತಾರೆ. ಮೇಲೆ ಮಾಳಿಗೆಯಲ್ಲಿ ನಿಂತ ಪ್ರವಾಸಿಗರಿಗೆ ಮೂಗಿಗೆ ಹಿಡಿಯಲು ಅಂಗಡಿಯವರು ಪುದೀನ ಕೊಡುತ್ತಾರೆ. ತೊಟ್ಟಿಯಲ್ಲಿ ಇರುವವರಿಗೆ ಆ ವಾಸನೆಯೇ ದಿನದ ದುಡಿಮೆ.

ಇದೆಲ್ಲ ಉಳಿದದ್ದು ಹೇಗೆ? 1912ರ ಮಾರ್ಚ್ 30ರಂದು ಇದೇ ಫೆಸ್‌ನಲ್ಲಿ ಸುಲ್ತಾನ ಸಹಿ ಹಾಕಿದ ಒಪ್ಪಂದದಿಂದ ಮೊರಾಕ್ಕೊ ಫ್ರಾನ್ಸಿನ ಹಿಡಿತಕ್ಕೆ ಹೋಯಿತು. ಮುಂದಿನ ತಿಂಗಳೇ ಇಲ್ಲಿ ಸೈನಿಕರು ದಂಗೆ ಎದ್ದರು. ಆಮೇಲೆ ಅಧಿಕಾರಕ್ಕೆ ಬಂದ ಲ್ಯೋಟೆ ಎಂಬ ಸೇನಾಧಿಕಾರಿ ರಾಜಧಾನಿಯನ್ನು ರಬಾತ್‌ಗೆ ಒಯ್ದ. ಹಳೇ ಪೇಟೆಗಳನ್ನು ಒಡೆಯಬಾರದು, ಯುರೋಪಿಯನ್ನರಿಗೆ ಹೊರಗೆ ಬೇರೆ ಊರು ಕಟ್ಟಬೇಕು ಎಂಬುದು ಅವನ ನೀತಿ. ಅಗಲ ರಸ್ತೆ, ಹೊಸ ಕಟ್ಟಡ, ಕಚೇರಿ ಎಲ್ಲ ಹೊಸ ಊರಿಗೆ ಹೋದವು.

ಹಾಗಾಗಿ ಹಳೇ ಪೇಟೆ ಬುಲ್ಡೋಜರ್‌ನಿಂದ ಪಾರಾಯಿತು, ಆದರೆ ಬಡವಾಯಿತು. ಕಾಲಕ್ರಮೇಣ ಉಳ್ಳವರು ಹೊಸ ಊರಿಗೆ, ಕಾಸಾಬ್ಲಾಂಕಾಕ್ಕೆ ಹೊರಟರು. ಅವರು ಬಿಟ್ಟುಹೋದ ದೊಡ್ಡ ಮನೆಗಳಲ್ಲಿ ಕೋಣೆಗೊಂದು ಸಂಸಾರದಂತೆ ಹಳ್ಳಿಗಳಿಂದ ಬಂದ ಬಡವರು ತುಂಬಿಕೊಂಡರು. ರಿಪೇರಿಗೆ ಯಾರ ಬಳಿಯೂ ದುಡ್ಡಿರಲಿಲ್ಲ. ಇವತ್ತಿಗೂ ಕೆಲವು ಓಣಿಗಳಲ್ಲಿ ಎದುರುಬದುರು ಗೋಡೆಗಳು ಬೀಳದಂತೆ ನಡುವೆ ಮರದ ದಿಮ್ಮಿ ಕೊಟ್ಟು ನಿಲ್ಲಿಸಿದ್ದಾರೆ.

1981ರಲ್ಲಿ ಯುನೆಸ್ಕೊ ಈ ಪೇಟೆಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಪ್ರವಾಸಿಗರು ಹೆಚ್ಚಾದರು, ದುರಸ್ತಿಯೂ ನಡೆದಿದೆ. ಆದರೆ ಯುನೆಸ್ಕೊ ಬರುವ ಮೊದಲೂ ಊರನ್ನು ಜೀವಂತ ಇಟ್ಟವರು ಇದ್ದರು: ತೊಗಲು ತುಳಿಯುವವರು, ತಾಮ್ರ ಬಡಿಯುವವರು, ಹೇಸರಗತ್ತೆ ಹೊಡೆಯುವವರು. ಅವರು ಅಲ್ಲೇ ಬದುಕಲು ಆಗುವಷ್ಟು ದಿನ ಫೆಸ್ ಊರಾಗಿರುತ್ತದೆ. ಅವರೂ ಹೊರಟರೆ ಉಳಿಯುವುದು ಬರೀ ಗೋಡೆ.