ಕೊಡ ಬಿದ್ದ ಬಾವಿ, ಕಸ ಬಿದ್ದ ಬಾವಿ

ಮ್ಯೂಸಿಯಮ್ಮಿನ ಗಾಜಿನ ಹಿಂದಿರುವ ಗ್ರೀಕ್ ಬಟ್ಟಲುಗಳ ಮುಂದೆ ಜನ ಬಾಯಿ ಬಿಟ್ಟುಕೊಂಡು ನಿಲ್ಲುತ್ತಾರೆ. ಕಪ್ಪು ಹೊಳಪು, ಕೆಂಪು ಮೈ, ಕುಡಿದು ಕುಣಿಯುವ ಗಂಡಸರು. ನನಗೆ ಅವುಗಳ ಮೇಲೆ ಸಿಟ್ಟೇನಿಲ್ಲ. ಆದರೆ ನೌಕರಿಯುದ್ದಕ್ಕೂ ಉತ್ಖನನದ ಡೇರೆಗಳಲ್ಲಿ ಕೂತು ಬೋಕಿಗಳ ಅಡ್ಡಸೀಳಿನ ಚಿತ್ರ ಬರೆದವನು ನಾನು. ನನ್ನ ಕಣ್ಣು ಹೋಗುವುದು ಕೆಳಗಿನ ಕಪಾಟಿನಲ್ಲಿರುವ ನೀರಿನ ಕೊಡಗಳ ಕಡೆಗೆ. ಬಣ್ಣವಿಲ್ಲ, ಕಲಾವಿದನ ಹೆಸರಿಲ್ಲ, ಒಂದು ಹಿಡಿ ಮುರಿದಿದೆ. ಅಥೆನ್ಸಿನ ಬಾವಿಗಳ ಕಾಲ ಹೇಳುವುದರಲ್ಲಿ ಈ ಕೊಡಗಳು ಬಟ್ಟಲುಗಳಿಗಿಂತ ನಂಬಿಕಸ್ಥ ಸಾಕ್ಷಿಗಳು ಎಂಬುದು ನನ್ನ ಹಳೆಯ ವಾದ.

ಅಥೆನ್ಸ್ ನೀರಿಗೆ ಪರದಾಡಿದ ಊರು. ಪ್ಲೂಟಾರ್ಕ್ ಬರೆದ, ಅಥೆನ್ಸಿನ ಶಾಸನಕರ್ತ ಸೋಲನ್‌ನ ಜೀವನಚರಿತ್ರೆಯಲ್ಲಿ ಬಾವಿಗೇ ಒಂದು ಕಾನೂನಿದೆ. ನಾಲ್ಕು ಸ್ಟೇಡಿಯ, ಅಂದರೆ ಸುಮಾರು 700 ಮೀಟರಿನೊಳಗೆ ಸಾರ್ವಜನಿಕ ಬಾವಿಯಿದ್ದರೆ ಅಲ್ಲೇ ಸೇದಬೇಕು. ಇಲ್ಲದವರು ಸ್ವಂತಕ್ಕೆ ತೋಡಿಕೊಳ್ಳಬೇಕು. ಹತ್ತು ಮಾರು ಅಗೆದರೂ ಸೆಲೆ ಸಿಗದಿದ್ದರೆ ನೆರೆಯವರ ಬಾವಿಯಿಂದ ದಿನಕ್ಕೆ ಎರಡು ಸಲ, ಆರು ಖೋಸ್ ಅಳತೆಯ ಕೊಡದಲ್ಲಿ, ನೀರು ಒಯ್ಯಬಹುದು. ಅಂಥ ಕೊಡ ಸುಮಾರು 20 ಲೀಟರ್ ಹಿಡಿಯುತ್ತದೆ. ಅಷ್ಟು ಭಾರದ ಮಣ್ಣಿನ ಕೊಡ ಹಗ್ಗದ ತುದಿಯಲ್ಲಿ ತೂಗಾಡುತ್ತ, ಬಾವಿಯ ಗೋಡೆಗೆ ತಾಗುತ್ತ ಮೇಲೆ ಬರಬೇಕು. ಹಿಡಿ ಕಿತ್ತು ಬಂದರೆ ಕೊಡ ನೀರುಪಾಲು. ನಮ್ಮ ಕಡೆ ತಾಮ್ರದ ಬಿಂದಿಗೆ ಬಿದ್ದರೆ ನೆರೆಮನೆಯಿಂದ ಪಾತಾಳಗರಡಿ ಕಡ ತಂದು ಗಂಟೆಗಟ್ಟಲೆ ತಡಕುತ್ತಿದ್ದರು. ಹಿಡಿ ಮುರಿದ ಮಣ್ಣಿನ ಕೊಡಕ್ಕೆ ಯಾರು ಅಷ್ಟು ಹೆಣಗುತ್ತಾರೆ? ಪುರಾತತ್ವದವರ ಪುಣ್ಯ, ಅಥೆನ್ಸಿನವರು ಬಿದ್ದದ್ದನ್ನೆಲ್ಲ ಎತ್ತಲಿಲ್ಲ.

ಊರಿನ ಹಳೆಯ ಪೇಟೆಚೌಕವಾದ ಅಗೋರದಲ್ಲಿ ಅಮೆರಿಕನ್ ಸ್ಕೂಲ್ ಆಫ್ ಕ್ಲಾಸಿಕಲ್ ಸ್ಟಡೀಸ್ 1931ರಲ್ಲಿ ಅಗೆತ ಶುರುಮಾಡಿತು. ಅಲ್ಲಿ ಸಿಕ್ಕ ಬಾವಿಗಳು 400ಕ್ಕೂ ಹೆಚ್ಚು. ಮೇಲೆ ಮನೆಗಳನ್ನು ಕಟ್ಟಿದ್ದಾರೆ, ಕೆಡವಿದ್ದಾರೆ, ಅದೇ ಕಲ್ಲನ್ನು ಮತ್ತೆ ಬಳಸಿದ್ದಾರೆ. ನೆಲದ ಮೇಲಿನ ಪದರ ಕಲಸುಮೇಲೋಗರ. ಬಾವಿಯೊಳಗೆ ಹಾಗಲ್ಲ, ಮೊದಲು ಬಿದ್ದದ್ದು ಕೆಳಗೆ, ಆಮೇಲೆ ಬಿದ್ದದ್ದು ಮೇಲೆ.

ಆದರೆ ಒಂದು ಬಾವಿಯಲ್ಲಿ ಸಾಮಾನ್ಯವಾಗಿ ಎರಡು ಥರದ ತುಂಬು ಇರುತ್ತದೆ. ತಳದ ಹೂಳಿನಲ್ಲಿ ಬಾವಿ ಬಳಕೆಯಲ್ಲಿದ್ದಾಗ ಒಂದೊಂದಾಗಿ ಜಾರಿದ ಕೊಡಗಳು. ಕೆಸರಿನ ಮೇಲೆ ಬಿದ್ದದ್ದರಿಂದ ಎಷ್ಟೋ ಕೊಡಗಳು ಇಡಿಯಾಗಿಯೇ ಸಿಗುತ್ತವೆ. ಅದರ ಮೇಲೆ, ಬಾವಿ ಬತ್ತಿದಾಗಲೋ ಮನೆ ಬಿದ್ದಾಗಲೋ ಒಟ್ಟಿಗೆ ಸುರಿದ ಕಸ: ಹೆಂಚು, ಮೂಳೆ, ಅಡುಗೆಯ ಮಡಕೆ, ಮತ್ತು ಆ ಚಂದದ ಬಟ್ಟಲುಗಳು. ಕಸದಲ್ಲಿ ಅಜ್ಜಿಯ ಕಾಲದ ಪಾತ್ರೆಯೂ ಇರಬಹುದು, ನಿನ್ನೆ ಕೊಂಡದ್ದೂ ಇರಬಹುದು. ಆದ್ದರಿಂದ ಅಲ್ಲಿ ಲೆಕ್ಕಕ್ಕೆ ಬರುವುದು ಎಲ್ಲಕ್ಕಿಂತ ಹೊಸ ಚೂರು. ಬಾವಿ ಮುಚ್ಚಿದ್ದು ಅದಕ್ಕಿಂತ ಮುಂಚೆ ಅಲ್ಲ ಎಂದಷ್ಟೇ ಅದು ಹೇಳುತ್ತದೆ. ಬಾವಿ ತೋಡಿದ್ದು ಯಾವಾಗ ಎಂದು ಬಟ್ಟಲನ್ನು ಕೇಳಿ ಪ್ರಯೋಜನವಿಲ್ಲ. ಕಸ ಒಂದೇ ಸಲಕ್ಕೆ ಬಿದ್ದದ್ದೋ ಎಂದು ತಿಳಿಯಲು ಒಂದು ಉಪಾಯವಿದೆ. ನಾಲ್ಕು ಮೀಟರ್ ಆಳದ ಚೂರಿಗೂ ಒಂಬತ್ತು ಮೀಟರ್ ಆಳದ ಚೂರಿಗೂ ಅಂಚು ಕೂಡಿ ಒಂದೇ ತಟ್ಟೆಯಾದರೆ, ನಡುವಿನ ಐದು ಮೀಟರ್ ಒಂದೇ ಹೊತ್ತಿನ ಕೆಲಸ. ಚೂರು ತೊಳೆದು ಒಣಗಲು ಹರಡಿದಾಗ ಇಂಥ ಜೋಡಿ ಸಿಕ್ಕರೆ ಇಡೀ ಡೇರೆಯೇ ಓಡಿ ಬರುತ್ತದೆ.

ಗಚ್ಚು ಬಳಿದ ನೀರಿನ ತೊಟ್ಟಿಗಳ ಕಥೆ ಬೇರೆ. ಕ್ರಿ.ಪೂ. 4ನೇ ಶತಮಾನದಿಂದ ಅಥೆನ್ಸಿನವರು ಬಂಡೆ ಕೊರೆದು ಸೀಸೆಯಾಕಾರದ ತೊಟ್ಟಿ ಮಾಡಿ ಚಾವಣಿಯ ಮಳೆನೀರು ಹಿಡಿದರು. ಅವನ್ನು ಆಗಾಗ ತೊಳೆಯುತ್ತಿದ್ದರಿಂದ ತಳದಲ್ಲಿ ಬಳಕೆಯ ಕಾಲದ್ದು ಏನೂ ಉಳಿಯದು ಎಂದೇ ಹೇಳಬೇಕು. ಸಿಗುವುದೆಲ್ಲ ಕೊನೆಯ ಕಸ.

ನನ್ನ ಮೆಚ್ಚಿನದು ಹೆನ್ರಿ ರಾಬಿನ್ಸನ್ 1959ರಲ್ಲಿ ಪ್ರಕಟಿಸಿದ ರೋಮನ್ ಕಾಲದ ಬಾವಿ. ಪುಸ್ತಕದಲ್ಲಿ ಅದರ ಹೆಸರು ಬರೀ 'ಗುಂಪು ಎಂ'. ಕ್ರಿ.ಶ. ಮೊದಲ ಶತಮಾನದಿಂದ ಶತಮಾನಗಳುದ್ದಕ್ಕೂ ಅದರಲ್ಲಿ ಪದರದ ಮೇಲೆ ಪದರ ಕೂತಿದೆ, ನಡುನಡುವೆ ನಾಣ್ಯಗಳೂ ಇವೆ. ಏಷ್ಯಾ ಮೈನರ್ ಕಡೆಯ ಒಂದು ಬಗೆಯ ತೆಳುಗೋಡೆಯ ಕೊಡ ಅಲ್ಲಿ ಮತ್ತೆ ಮತ್ತೆ ಬರುತ್ತದೆ. ಮಣ್ಣಿನಲ್ಲಿ ಕಾಗೆಬಂಗಾರದ ಪುಡಿ ಮಿನುಗುತ್ತದೆ, ಹಿಡಿ ಒಂದೇ. ಪದರ ಮೇಲೇರಿದಂತೆ ಮೈ ಸಪೂರವಾಗುತ್ತ, ಪಾದ ಕಿರಿದಾಗುತ್ತ ಬರುತ್ತದೆ. 4ನೇ ಶತಮಾನದ ಕೊನೆಯ ಹೊತ್ತಿಗೆ ಇನ್ನೊಂದು ಹಿಡಿ ಮೂಡುತ್ತದೆ. ಕುಂಬಾರರ ತಲೆಮಾರುಗಳು ತಮಗೇ ಗೊತ್ತಿಲ್ಲದೆ ಮಾಡಿಕೊಂಡ ಬದಲಾವಣೆಯನ್ನು ಯಾರೂ ಜೋಡಿಸಿಡಲಿಲ್ಲ. ಕೈಜಾರಿದ ಕ್ರಮದಲ್ಲೇ ಅದು ಉಳಿಯಿತು. ಇಂಥ ಸಾಲನ್ನು ಯಾವ ಚಿತ್ರದ ಬಟ್ಟಲೂ ಕೊಡಲಾರದು.

ಕಾಲ ಗೊತ್ತಾದರೆ ಏನು ಬಂತು ಎನ್ನುವವರಿಗೆ ಇನ್ನೊಂದು ಅಗೋರ ಬಾವಿಯನ್ನು ತೋರಿಸಬೇಕು. 1930ರ ದಶಕದಲ್ಲಿ ಅಗೆದ ಅದರಲ್ಲಿ ಸುಮಾರು 450 ನವಜಾತ ಶಿಶುಗಳ ಮೂಳೆಗಳೂ 150ರಷ್ಟು ನಾಯಿಗಳ ಮೂಳೆಗಳೂ ಸಿಕ್ಕವು. ಸಾಂಕ್ರಾಮಿಕವೇ, ಮುತ್ತಿಗೆಯೇ, ಹತ್ಯೆಯೇ? ಜೊತೆಗಿದ್ದ ಮಡಕೆಗಳು ಕ್ರಿ.ಪೂ. 165ರಿಂದ 150ರವರೆಗಿನವು. ಒಂದು ದಿನದ ಅನಾಹುತವಲ್ಲ, ವರ್ಷಗಟ್ಟಲೆ ಬಿದ್ದದ್ದು. ಬಹುಪಾಲು ಸಹಜ ಸಾವುಗಳು, ಬಹುಶಃ ಸೂಲಗಿತ್ತಿಯರು ತಂದು ಹಾಕಿದವು ಎಂಬ ನಿರ್ಣಯ 2018ರಲ್ಲಿ ಪ್ರಕಟವಾಯಿತು.

ಈಗ ಕಷ್ಟದ ಪ್ರಶ್ನೆ. ಮಡಕೆ ಬಾವಿಯ ಕಾಲ ಹೇಳುತ್ತದೆ, ಸರಿ. ಮಡಕೆಯ ಕಾಲ ಹೇಳುವವರು ಯಾರು? ಅದಕ್ಕೆ ಇತಿಹಾಸದಲ್ಲಿ ವರ್ಷ ಗೊತ್ತಿರುವ ಗೂಟ ಬೇಕು. ಗಟ್ಟಿ ಗೂಟ ಒಂದಿದೆ: ಕ್ರಿ.ಪೂ. 480 ಮತ್ತು 479ರಲ್ಲಿ ಪರ್ಷಿಯನ್ನರು ಅಥೆನ್ಸನ್ನು ಸುಟ್ಟು ಕೆಡವಿದ್ದು. ಊರಿಗೆ ಮರಳಿದ ಜನ ಒಡೆದದ್ದನ್ನೆಲ್ಲ ಹಾಳಾದ ಬಾವಿಗಳಿಗೆ ಗುಡಿಸಿ ಹಾಕಿದರು. ಹಾಗೆ ತುಂಬಿದ ಒಂದೇ ಮನೆಯ ಬಾವಿಯನ್ನು ಹಿಡಿದು ಕ್ಯಾಥ್ಲೀನ್ ಲಿಂಚ್ 2011ರಲ್ಲಿ ಇಡೀ ಪುಸ್ತಕ ಬರೆದರು: ಆ ಮನೆಯವರು ಯಾವುದರಲ್ಲಿ ಕುಡಿದರು, ಯಾವುದರಲ್ಲಿ ಬೇಯಿಸಿದರು.

ಮುಂದಿನ ಶತಮಾನಗಳಲ್ಲಿ ಗೂಟಗಳು ದೂರ ದೂರ. ಹೋಮರ್ ಥಾಂಪ್ಸನ್ 1934ರಲ್ಲಿ ಅಗೋರದ ತೊಟ್ಟಿ ಬಾವಿಗಳ ಮಡಕೆಗಳನ್ನು ಐದು ಗುಂಪು ಮಾಡಿ, ಅಲೆಕ್ಸಾಂಡರನ ನಂತರದ ಎರಡು ಶತಮಾನಗಳ ಮೇಲೆ ಹರಡಿದರು. ಮೆಡಿಟರೇನಿಯನ್ನಿನ ಎಷ್ಟೋ ಅಗೆತಗಳವರು ಅದನ್ನೇ ನೋಡಿಕೊಂಡು ವರ್ಷ ಬರೆದರು. 1960ರಲ್ಲಿ ಅಥೆನ್ಸಿನ ಸುತ್ತಲ ಸೀಮೆಯಾದ ಅಟಿಕಾದ ಪೂರ್ವ ಕರಾವಳಿಯ ಕೊರೊನಿ ಎಂಬ ಭೂಶಿರದಲ್ಲಿ ಸೈನಿಕ ಬೀಡೊಂದು ಸಿಕ್ಕಿತು. ಅಲ್ಲಿನ ನಾಣ್ಯಗಳು ಈಜಿಪ್ಟಿನ ಎರಡನೇ ಟಾಲೆಮಿಯವು, ಅಂದರೆ ಕ್ರಿ.ಪೂ. 260ರ ದಶಕದ ಯುದ್ಧಕ್ಕೆ ಬಂದ ಅವನ ಸೇನೆ ಅಲ್ಲಿ ಸ್ವಲ್ಪ ಕಾಲ ಬೀಡುಬಿಟ್ಟಿತ್ತು. ಆದರೆ ಥಾಂಪ್ಸನ್ನರ ಲೆಕ್ಕದಲ್ಲಿ ಅಲ್ಲಿನ ಮಡಕೆಗಳು ಅದಕ್ಕಿಂತ ಒಂದು ತಲೆಮಾರು ಹಳೆಯವು. ಮದ್ಯದ ಜಾಡಿಗಳ ಹಿಡಿಯ ಮೇಲಿನ ಮುದ್ರೆಗಳಲ್ಲಿ ಮುಳುಗಿದ್ದ ವರ್ಜೀನಿಯಾ ಗ್ರೇಸ್ 1963ರಲ್ಲಿ ಜಾಡಿಗಳ ಪರ ನಿಂತು, ಬೀಡಿನ ಕಾಲವನ್ನೇ ಪ್ರಶ್ನಿಸಿದರು. 1974ರಲ್ಲಿ ಅದೇ ಗ್ರೇಸ್ ತಮ್ಮ ಮುದ್ರೆಗಳ ಕಾಲಪಟ್ಟಿಯನ್ನು ತಾವೇ ಇತ್ತ ಸರಿಸಿದರು. ಬಟ್ಟೆ ಒಣಹಾಕಿದ ಹಗ್ಗದ ಒಂದು ಕಂಬ ವಾಲಿದರೆ ಸೀರೆ ಪಂಚೆ ಎಲ್ಲ ಒಟ್ಟಿಗೆ ಜಗ್ಗುವಂತೆ ಬಾವಿ, ತೊಟ್ಟಿ, ಮನೆಗಳೆಲ್ಲ ಇತ್ತ ಸರಿದವು. ಆದರೆ ಯಾವುದು ಮೊದಲು, ಯಾವುದು ನಂತರ ಎಂಬ ಸಾಲು ಬಹುಪಾಲು ಹಾಗೇ ಉಳಿಯಿತು. ಸರಿದದ್ದು ವರ್ಷ.

ಇದು ಗ್ರೀಕರ ತಾಪತ್ರಯ ಮಾತ್ರ ಅಲ್ಲ. ಮಾರ್ಟಿಮರ್ ವೀಲರ್ 1945ರಲ್ಲಿ ಪುದುಚೇರಿ ಹತ್ತಿರದ ಅರಿಕಮೇಡಿನಲ್ಲಿ ಇಟಲಿಯ ಅರೆಟೈನ್ ತಟ್ಟೆಗಳನ್ನು ಕಂಡರು. ಅವುಗಳ ಆಧಾರದ ಮೇಲೆ, ಒಳಮೈಯಲ್ಲಿ ಸಣ್ಣ ಗೀರುಗಳ ಬಳೆಗಳಿರುವ ರೂಲೆಟೆಡ್ ತಟ್ಟೆಗೆ ಕ್ರಿಸ್ತಶಕದ ಆರಂಭದ ಕಾಲ ಕೊಟ್ಟರು. 1947ರಲ್ಲಿ ನಮ್ಮ ಚಿತ್ರದುರ್ಗದ ಚಂದ್ರವಳ್ಳಿ, ಬ್ರಹ್ಮಗಿರಿಗಳಲ್ಲಿ ಅದೇ ತಟ್ಟೆ ಸಿಕ್ಕಾಗ ಆ ಕಾಲವನ್ನೇ ಇಲ್ಲಿಗೂ ತಂದರು. ಅದರ ಕೆಳಗಿದ್ದ ಬೃಹತ್ ಶಿಲಾ ಸಮಾಧಿಗಳ ಸಂಸ್ಕೃತಿಗೆ ಕ್ರಿ.ಪೂ. 200ರ ಆಸುಪಾಸಿನ ಆರಂಭ ಸಿಕ್ಕಿತು. 1980ರ ದಶಕದಲ್ಲಿ ವಿಮಲಾ ಬೆಗ್ಲಿ ಅರಿಕಮೇಡನ್ನು ಮತ್ತೆ ಪರಿಶೀಲಿಸಿ ರೂಲೆಟೆಡ್ ತಟ್ಟೆಯನ್ನು ಕ್ರಿಸ್ತಪೂರ್ವಕ್ಕೆ ಒಯ್ದರು. ನಮ್ಮ ಶಿಲಾ ಸಮಾಧಿಗಳಂತೂ ಈಗ ಅದಕ್ಕಿಂತ ಶತಮಾನಗಳಷ್ಟು ಹಿಂದೆ ಸರಿದಿವೆ. ನಾನು ಬರೆದ ಹಾಳೆಗಳಲ್ಲಿ ಚೂರಿನ ಗೆರೆ ಇಂಡಿಯನ್ ಇಂಕಿನದು. ಕೆಳಗಿನ ವರ್ಷವನ್ನು ಮಾತ್ರ, ಮೇಲಿನವರು ಎಷ್ಟು ಗದರಿದರೂ, ಪೆನ್ಸಿಲ್ಲಿನಲ್ಲೇ ಬರೆಯುತ್ತಿದ್ದೆ.